ಗಲ್ಲಾದಲ್ಲಿರುವ ದುಡ್ಡೆಲ್ಲ ನನ್ನದಲ್ಲ

ಪ್ರೆಸ್ ಶುರು ಮಾಡಿ 14 ವರ್ಷ ಆಯಿತು. ಆಗ ಇದ್ದದ್ದು ಒಂದು ಹಳೆಯ ಆಫ್‌ಸೆಟ್ ಮಷೀನು, ಒಬ್ಬ ಆಪರೇಟರ್, ನಾನು. ಈಗ ಮೂರು ಮಷೀನು, 19 ಜನ. "ದೇವರನ್ನು ನಂಬಿ, ನಿಯತ್ತಾಗಿ ಬಿಸಿನೆಸ್ ಬೆಳೆಸಿದಿರಂತೆ, ಹೇಗೆ?" ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಏನೋ ಪವಾಡದ ಕಥೆ ಸಿಗುತ್ತದೆ ಅಂತ ಅವರ ಆಸೆ. ನನ್ನ ಹತ್ತಿರ ಇರುವುದು ಬರೀ ಲೆಕ್ಕದ ಪುಸ್ತಕದ ಕಥೆ.

ದೇವರನ್ನು ನಂಬುತ್ತೇನೆ, ನಿಜ. ಆದರೆ ಮೊದಲ ಎರಡು ವರ್ಷ ಆ ನಂಬಿಕೆ ನನ್ನ ಸೋಮಾರಿತನಕ್ಕೆ ಒಳ್ಳೆಯ ನೆಪವಾಗಿತ್ತು. ಬಾಕಿ ಕೇಳಲು ನನಗೆ ಸಂಕೋಚ. ಫೋನ್ ಮಾಡುವ ಬದಲು "ಅವನ ಮೇಲೆ ಭಾರ ಹಾಕಿದ್ದೇನೆ, ಬರುತ್ತೆ" ಅಂತ ಸುಮ್ನೆ ಕೂರುತ್ತಿದ್ದೆ. ದೇವರು ವಸೂಲಿಗೆ ಹೋಗುವುದಿಲ್ಲ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಅದಕ್ಕಿಂತ ದೊಡ್ಡ ತಪ್ಪು ದಾನದಲ್ಲಿ ಆಯಿತು. ಲಾಭದಲ್ಲಿ ಶೇಕಡಾ 10 ದೇವರ ಪಾಲು ಅಂತ ಮೊದಲ ದಿನವೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಆದರೆ ಲಾಭ ಅಂದರೆ ಏನು ಅಂತ ಯೋಚಿಸಿರಲಿಲ್ಲ. ಬಿಲ್ ಬರೆದ ದಿನವೇ ಪುಸ್ತಕದಲ್ಲಿ ಲಾಭ ಕಾಣಿಸುತ್ತದೆ. ದುಡ್ಡು ಕೈಗೆ ಬರುವುದು ಮೂರು ತಿಂಗಳ ಮೇಲೆ. ಒಂದು ತಿಂಗಳು ಪುಸ್ತಕ ನೋಡಿಕೊಂಡು ಖುಷಿಯಿಂದ ಒಂದು ಅನಾಥಾಶ್ರಮಕ್ಕೆ ಕೊಟ್ಟು ಬಂದೆ. ಆ ತಿಂಗಳ ಸಂಬಳ ಆರು ದಿನ ತಡವಾಯಿತು. ನಾಲ್ಕನೇ ದಿನ ಆಪರೇಟರ್ ಮಷೀನಿನ ಬ್ಲಾಂಕೆಟ್ (ಇಂಕನ್ನು ಪೇಪರಿಗೆ ಒತ್ತುವ ರಬ್ಬರ್ ಹಾಳೆ) ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದ: "ಸಾರ್, ಕೊಟ್ಟಿದ್ದು ಒಳ್ಳೇದೇ. ಆದ್ರೆ ಅದರಲ್ಲಿ ನನ್ನ ಸಂಬಳಾನೂ ಇತ್ತು ಅಲ್ವಾ?"

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ನಾನು ಮಾಡಿದ್ದು ಅದೇ. ಹೆಸರು ಮಾತ್ರ ದಾನ. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಿ ಅನ್ನುತ್ತದೆ ಇಸ್ಲಾಂ. ಅವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ ಅನ್ನುತ್ತದೆ ಬೈಬಲ್. ಇವೆಲ್ಲ ನನಗೆ ಮೊದಲೇ ಗೊತ್ತಿದ್ದವು, ಆದರೆ ಲೆಕ್ಕದ ಪುಸ್ತಕದಲ್ಲಿ ಅವಕ್ಕೆ ಜಾಗ ಕೊಟ್ಟಿರಲಿಲ್ಲ. ಆವತ್ತಿನಿಂದ ಸಾಲು ಬದಲಾಯಿತು. ಮೊದಲು ಸಂಬಳ, ಆಮೇಲೆ ಪೇಪರ್ ಕೊಟ್ಟವರ ಬಾಕಿ, ಆಮೇಲೆ ತೆರಿಗೆ. ಗಿರಾಕಿ ಕೊಟ್ಟ ಅಡ್ವಾನ್ಸ್ ಬೇರೆಯದೇ ಬ್ಯಾಂಕ್ ಖಾತೆಯಲ್ಲಿ. ಮಾಲು ಅವರ ಕೈ ಸೇರುವ ತನಕ ಅದು ಅವರದೇ ದುಡ್ಡು. ಇಷ್ಟೆಲ್ಲ ಕಳೆದು, ನಿಜವಾಗಿ ಕೈಗೆ ಬಂದು ಉಳಿದದ್ದರಲ್ಲಿ ಶೇಕಡಾ 10. ಎಷ್ಟೋ ತಿಂಗಳು ಅದು ಸೊನ್ನೆ. ಎಲ್ಲವೂ ದೇವರದು, ನನ್ನದೇನಿಲ್ಲ ಅಂತ ಬಾಯಲ್ಲಿ ಹೇಳುವುದು ಸುಲಭ. ಗಲ್ಲಾದಲ್ಲಿರುವುದರಲ್ಲಿ ಯಾವುದು ಯಾರದು ಅಂತ ಬರೆದಿಡುವುದು ಬೇಜಾರಿನ ಕೆಲಸ.

ಪೇಪರ್ ವಿಷಯ ಹೇಳಲೇಬೇಕು. ನಮ್ಮ ಕಸುಬಿನಲ್ಲಿ ಮೋಸ ಮಾಡಲು ತುಂಬಾ ಸಲೀಸಾದ ಜಾಗ ಅದು. 80 ಜಿಎಸ್‌ಎಂ ಅಂತ ಕೊಟೇಶನ್ ಕೊಟ್ಟು 70ರಲ್ಲಿ ಹೊಡೆದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರಿನ ತೂಕ, ಗ್ರಾಂ ಲೆಕ್ಕದಲ್ಲಿ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 16 ಹಾಳೆ ತಕ್ಕಡಿಗೆ ಹಾಕಿದರೆ ಎಷ್ಟು ಗ್ರಾಂ ಬರುತ್ತದೋ ಅದೇ ಜಿಎಸ್‌ಎಂ. ಯಾರು ಬೇಕಾದರೂ ನೋಡಬಹುದು.

ಒಂದು ಸಲ ತರಬೇತಿ ಕೈಪಿಡಿಯ ಕೆಲಸ, 3,000 ಪ್ರತಿ. ಪೂರ್ತಿ ಪ್ರಿಂಟ್ ಆಗಿ ಬೈಂಡಿಂಗ್‌ಗೆ ಹೋಗುವಾಗ ಹಾಳೆ ಯಾಕೋ ಕೈಗೆ ತೆಳ್ಳಗೆ ಅನ್ನಿಸಿತು. ಮಿಕ್ಕ ಖಾಲಿ ಪೇಪರಿನಲ್ಲಿ ಎ4 ಅಳತೆಯ 16 ಹಾಳೆ ಕತ್ತರಿಸಿ ತೂಗಿದೆ. 70. ಪೇಪರ್ ಕೊಟ್ಟವರು ತಪ್ಪು ಮಾಲು ಕಳಿಸಿದ್ದರು, ನಾವು ನೋಡದೆ ಮಷೀನಿಗೆ ಹಾಕಿದ್ದೆವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪ್ರಾಮಾಣಿಕತೆಯಿಂದ ಅಲ್ಲ, ನಷ್ಟದ ಲೆಕ್ಕ ಹಾಕಿ ಹಾಕಿ. ಬೆಳಿಗ್ಗೆ ಗಿರಾಕಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಹೊಗಳಲಿಲ್ಲ. "ಮತ್ತೆ ಹೊಡೆದುಕೊಡಿ" ಅಂದರು. ಕೊಟ್ಟೆವು. ಮುಂದಿನ ವರ್ಷ ಆ ಕೆಲಸ ಬೇರೆ ಪ್ರೆಸ್‌ಗೆ ಹೋಯಿತು.

ನಿಯತ್ತಿಗೆ ಗಿರಾಕಿ ಬೆಲೆ ಕೊಟ್ಟೇ ಕೊಡುತ್ತಾನೆ ಅಂತ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ನನಗೆ ಲಾಭ ಬಂದದ್ದು ಇನ್ನೊಂದು ಬಾಗಿಲಿನಿಂದ. ಅದಕ್ಕೂ ಮೊದಲು ಪ್ರೆಸ್‌ನಲ್ಲಿ ತಪ್ಪಾದರೆ ಹುಡುಗರು ಮುಚ್ಚಿಡುತ್ತಿದ್ದರು. ಹಾಳಾದ ಹಾಳೆ ಬಂಡಲಿನ ಅಡಿಗೆ ಹೋಗುತ್ತಿತ್ತು. ಓನರ್ ತನ್ನ ತಪ್ಪನ್ನು ತಾನೇ ಫೋನ್ ಮಾಡಿ ಹೇಳಿದ್ದನ್ನು ಅವರು ಎದುರಿಗೇ ಕೇಳಿದರು. ಆಮೇಲೆ "ಸಾರ್, ಈ ಪ್ಲೇಟ್‌ನಲ್ಲಿ ಒಂದು ಪುಟ ಉಲ್ಟಾ ಆಗಿದೆ" ಅಂತ ಮಷೀನ್ ಓಡುವ ಮೊದಲೇ ಬಂದು ಹೇಳತೊಡಗಿದರು. ಮೂರು ಸಾವಿರ ಪ್ರತಿಯ ನಷ್ಟವನ್ನು ಅದು ಯಾವತ್ತೋ ತುಂಬಿಕೊಟ್ಟಿದೆ.

ರೇಟಿನಲ್ಲೂ ಒಂದೇ ಮಾತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ವ್ಯಾಪಾರಿಗಳು ಚೌಕಾಸಿ ಮಾಡುತ್ತಿರಲಿಲ್ಲ. ಮೊದಲು ಒಂದು ಬೆಲೆ, ಆಮೇಲೆ ಇನ್ನೊಂದು ಹೇಳಿದರೆ ಮೊದಲಿನದು ಸುಳ್ಳಾಗುತ್ತದಲ್ಲ ಅಂತ. ಶುರುವಿನಲ್ಲಿ ಜನ ದೂರ ಹೋದರು. ಆಮೇಲೆ ಚಿಕ್ಕ ಮಗುವನ್ನು ಕಳಿಸಿದರೂ ಇಲ್ಲಿ ಅದೇ ಬೆಲೆ ಅಂತ ಗೊತ್ತಾಗಿ ವಾಪಸ್ ಬಂದರು. ಇದನ್ನು ಓದಿದ ಮೇಲೆ ನಾನೂ ರೇಟ್ ಪಟ್ಟಿ ಗೋಡೆಗೆ ಹಾಕಿದೆ. ಒಂದು ದೊಡ್ಡ ಆರ್ಡರ್‌ನವರು "ಬಿಲ್‌ನಲ್ಲಿ ಸ್ವಲ್ಪ ಜಾಸ್ತಿ ಬರೆದು, ಅದನ್ನು ನನಗೆ ಕೊಡಿ" ಅಂದಾಗ ಗೋಡೆ ಕಡೆ ಕೈ ತೋರಿಸಿದೆ. ಜಗಳ ಆಗಲಿಲ್ಲ, ಆರ್ಡರ್ ಸಿಗಲಿಲ್ಲ. ಆಮೇಲಿನ ಏಳು ತಿಂಗಳು ನಾನು ಮನೆಗೆ ಒಯ್ದದ್ದು ಆಪರೇಟರ್ ಸಂಬಳಕ್ಕಿಂತ ಕಡಿಮೆ.

ಪುಕ್ಕಟೆ ಕೆಲಸಕ್ಕೂ ಈಗ ಜಾಬ್ ಕಾರ್ಡ್, ಅಂದರೆ ಆ ಕೆಲಸದ ವಿವರ ಬರೆದ ಚೀಟಿ, ಇದೆ. ಮೊದಲು ಇರಲಿಲ್ಲ. ಉಚಿತವಾಗಿ ಮಾಡಿಕೊಡುತ್ತೇವೆ ಅಂದದ್ದು ಯಾವಾಗಲೂ ಸಾಲಿನ ಕೊನೆಗೆ ಬೀಳುತ್ತಿತ್ತು. ಮಿಕ್ಕಿದ ಇಂಕು, ಮಿಕ್ಕಿದ ಪೇಪರು. ಬಿಟ್ಟಿ ತಾನೇ ಅನ್ನುವ ತಾತ್ಸಾರ ಮೊದಲು ಕಾಣಿಸಿದ್ದು ನನ್ನಲ್ಲೇ. ಶರಣರು ದಾನ ಅನ್ನದೆ ದಾಸೋಹ ಅಂದದ್ದು ಇದಕ್ಕೇ ಇರಬೇಕು. ದಾನದಲ್ಲಿ ಕೊಡುವವನು ಮೇಲೆ ನಿಂತಿರುತ್ತಾನೆ. ಈಗ ಅದಕ್ಕೂ ತಾರೀಖು, ಪ್ರೂಫ್, ಪೂರ್ತಿ ಬಿಲ್. ಕೊನೆಯ ಸಾಲಿನಲ್ಲಿ ಮಾತ್ರ ಅಷ್ಟೂ ಕಳೆದಿರುತ್ತದೆ.

ಕೆಲಸದವರ ಕಷ್ಟಕ್ಕೆ ಕೊಡುವ ಬಡ್ಡಿಯಿಲ್ಲದ ಸಾಲಕ್ಕೆ ಒಂದು ನಿಧಿ ಇದೆ. ಮೊದಲು ನಾನೊಬ್ಬನೇ ಕೊಡುತ್ತಿದ್ದೆ. ಚೆನ್ನಾಗಿ ಮಾತಾಡಲು ಬರುವವರಿಗೆ ಸಿಗುತ್ತಿತ್ತು, ಬಾಯಿ ಸತ್ತವರಿಗೆ ಇಲ್ಲ. ಈಗ ಬೈಂಡಿಂಗ್‌ನಿಂದ ಒಬ್ಬರು, ಮಷೀನ್ ಕಡೆಯಿಂದ ಒಬ್ಬರು, ನಾನು. ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಲ. ಹೋದ ತಿಂಗಳು, ಇಲ್ಲೇ ಅಕೌಂಟ್ಸ್ ನೋಡುವ ನನ್ನ ಭಾಮೈದ ಬೈಕ್ ಕೊಳ್ಳಲು ಅರ್ಜಿ ಹಾಕಿದ. ನಾನು ಹೂಂ ಅಂದೆ. ಉಳಿದ ಇಬ್ಬರೂ ಆಗಲ್ಲ ಅಂದರು. ಮನೆಯಲ್ಲಿ ಎರಡು ದಿನ ಹೆಂಡತಿ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.