ಪೂರಕ ಕೋನಗಳ ಲೆಕ್ಕವನ್ನು ಸಮೀಕರಣದಿಂದ ಬಿಡಿಸುವ ಕ್ರಮ

ಕಲಬುರಗಿ ಭಾಗದ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ಚೌಕವಾಗಿ ಕತ್ತರಿಸಿದಾಗ ಅದರ ಪ್ರತಿಯೊಂದು ಮೂಲೆಯೂ 90 ಡಿಗ್ರಿಯ ಲಂಬಕೋನವಾಗಿರುತ್ತದೆ. ಒಂದು ಮೂಲೆಯಿಂದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಓರೆಗೆರೆ ಎಳೆದರೆ ಆ ಕೋನವು ಎರಡು ಪಾಲಾಗುತ್ತದೆ. ಗೆರೆಯನ್ನು ಎತ್ತ ವಾಲಿಸಿದರೂ ಒಂದು ಪಾಲು ಹಿಗ್ಗಿದಷ್ಟೇ ಇನ್ನೊಂದು ಕುಗ್ಗುವುದರಿಂದ ಅವುಗಳ ಮೊತ್ತ ಬದಲಾಗುವುದಿಲ್ಲ. ಹೀಗೆ ಕೂಡಿದಾಗ 90 ಡಿಗ್ರಿ ಆಗುವ ಎರಡು ಕೋನಗಳೇ ಪೂರಕ ಕೋನಗಳು. ಮೊತ್ತ 180 ಆದರೆ ಅವು ಪರಿಪೂರಕ ಕೋನಗಳು.

ಒಂದು ಕೋನವು ತನ್ನ ಪೂರಕ ಕೋನದ ನಾಲ್ಕು ಪಟ್ಟಿಗಿಂತ 10 ಡಿಗ್ರಿ ಕಡಿಮೆ ಇದೆ ಎಂದಿಟ್ಟುಕೊಳ್ಳೋಣ. ಯಾವ ಕೋನಕ್ಕೆ ಹೋಲಿಸಿ ಮತ್ತೊಂದನ್ನು ಹೇಳಲಾಗಿದೆಯೋ ಅದನ್ನೇ ‘ಯ’ ಎಂದು ಕರೆಯಬೇಕು. ಆಗ ಮತ್ತೊಂದು ತಾನಾಗಿಯೇ 4ಯ − 10 ಆಗುತ್ತದೆ. ಯ + 4ಯ − 10 = 90 ಎಂದು ಬರೆದರೆ 5ಯ = 100, ಯ = 20. ಕೋನಗಳು 20 ಮತ್ತು 70 ಡಿಗ್ರಿ.

ಈ ಲೆಕ್ಕದಲ್ಲಿ ‘ಯ’ ತಾನೇ ಒಂದು ಕೋನವಾಗಿತ್ತು. ಎಲ್ಲ ಲೆಕ್ಕಗಳಲ್ಲೂ ಹಾಗಿರುವುದಿಲ್ಲ. ಪೂರಕ ಕೋನಗಳು 2ಯ + 15 ಮತ್ತು 3ಯ − 5 ಎಂದು ಕೊಟ್ಟರೆ, 5ಯ + 10 = 90 ಆಗಿ ಯ = 16 ಎಂದು ಸಿಗುತ್ತದೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಸಮೀಕರಣ ಬಿಡಿಸಿದ ಸಮಾಧಾನದಲ್ಲಿ 16 ಅನ್ನೇ ಉತ್ತರವೆಂದು ಬರೆದುಬಿಡುತ್ತಾರೆ. ‘ಯ’ ಬೆಲೆಯನ್ನು ಎರಡೂ ಕಡೆ ಆದೇಶಿಸಿದರೆ 47 ಮತ್ತು 43 ದೊರೆಯುತ್ತವೆ. ಅವೆರಡನ್ನು ಕೂಡಿ 90 ಬಂದದ್ದನ್ನು ನೋಡಿದ ಮೇಲೆಯೇ ಪೆನ್ನು ಕೆಳಗಿಡಬೇಕು.

ಒಂದು ಕೋನದ ಪರಿಪೂರಕವು ಅದರ ಪೂರಕದ ನಾಲ್ಕು ಪಟ್ಟು ಎಂಬಂಥ ಪ್ರಶ್ನೆಯಲ್ಲಿ ಆವರಣ ಚಿಹ್ನೆಯನ್ನು ಬಿಡಬಾರದು: 180 − ಯ = 4(90 − ಯ), ಅಂದರೆ 3ಯ = 180, ಯ = 60.

ಉತ್ತರವನ್ನು ಅಂಗಳದಲ್ಲಿಯೂ ಪರೀಕ್ಷಿಸಬಹುದು. ಹಗಲಿರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಸೂರ್ಯ ಸಮಭಾಜಕ ವೃತ್ತದ ನೇರ ಮೇಲಿರುವುದರಿಂದ, ಮಧ್ಯಾಹ್ನ ಅವನು ನಡುನೆತ್ತಿಯಿಂದ ಸರಿದಿರುವ ಕೋನವು ಊರಿನ ಅಕ್ಷಾಂಶಕ್ಕೆ ಸಮನಾಗಿರುತ್ತದೆ. ಕಲಬುರಗಿಯ ಅಕ್ಷಾಂಶ ಸುಮಾರು 17.3 ಡಿಗ್ರಿ. ದಿಗಂತದಿಂದ ಸೂರ್ಯನ ಎತ್ತರ ‘ಯ’ ಆದರೆ, ಯ + 17.3 = 90, ಯ = 72.7. ಆ ದಿನ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ಅತಿ ಗಿಡ್ಡ ನೆರಳನ್ನು ಅಳೆದರೆ ಅದು ಸುಮಾರು 31 ಸೆಂಟಿಮೀಟರ್ ಇರುತ್ತದೆ. ಈ ಅಳತೆಗಳನ್ನು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿ ಹಾಳೆಯ ಮೇಲೆ ತ್ರಿಭುಜವಾಗಿ ಬರೆದು, ನೆರಳಿನ ತುದಿಯ ಕೋನಕ್ಕೆ ಕೋನಮಾಪಕ ಹಿಡಿದರೆ 73ರ ಹತ್ತಿರವೇ ಗೆರೆ ನಿಲ್ಲುತ್ತದೆ.