ಗೆರೆ ಉಳಿಯದಂತೆ ಕಾರಿನ ಗಾಜು ಒರೆಸುವುದು ಹೇಗೆ?

ಸಂಜೆ ಐದರ ಮೇಲೆ ಶಿವಮೊಗ್ಗದಿಂದ ಸಾಗರದ ಕಡೆ ಕಾರು ಓಡಿಸಿದವರಿಗೆ ಇದು ಗೊತ್ತು. ಮನೆ ಮುಂದೆ ನೆರಳಲ್ಲಿ ನಿಂತಾಗ ಫಳಫಳ ಅನ್ನುತ್ತಿದ್ದ ಮುಂದಿನ ಗಾಜು, ಆಯನೂರು ದಾಟಿ ಇಳಿಬಿಸಿಲು ನೇರ ಬಿದ್ದ ಕೂಡಲೇ ಒರೆಸಿದ ಕೈ ಎಲ್ಲೆಲ್ಲಿ ಓಡಿತ್ತೋ ಅಷ್ಟನ್ನೂ ತೋರಿಸುತ್ತದೆ. ಉದ್ದ ಗೆರೆ, ಸುತ್ತು ಗೆರೆ, ಮೂಲೆಯಲ್ಲಿ ಬಿಳಿ ಮಬ್ಬು. ರಾತ್ರಿ ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸು ಹೈಬೀಮ್ ಹಾಕಿಕೊಂಡು ಬಂದರಂತೂ ಕಥೆ ಮುಗಿಯಿತು. ಆ ಗೆರೆಗಳು ಬೆಳಕನ್ನು ಗಾಜಿನ ತುಂಬ ಚೆಲ್ಲುತ್ತವೆ, ರಸ್ತೆ ಅಂಚು ಎಲ್ಲಿದೆ ಅಂತಲೇ ಕಾಣುವುದಿಲ್ಲ.

ಗೆರೆ ಅಂದರೆ ಗಾಜಿನ ಮೇಲೆ ಉಳಿದುಹೋದ ಕೊಳೆ, ಸೋಪು ಇಲ್ಲವೇ ಲವಣ, ಅಷ್ಟೇ. ನೀರು ಆರಿಹೋಗುತ್ತದೆ, ಅದರಲ್ಲಿ ಕರಗಿದ್ದು ಅಲ್ಲೇ ಕೂರುತ್ತದೆ. ಬಹಳ ಜನ ಗೆರೆ ಕಂಡ ಕೂಡಲೇ ಇನ್ನೊಂದಿಷ್ಟು ಸ್ಪ್ರೇ ಹೊಡೆದು ಅದೇ ಬಟ್ಟೆಯಲ್ಲಿ ಮತ್ತೆ ಉಜ್ಜುತ್ತಾರೆ. ಕೊಳೆ ಎಲ್ಲೂ ಹೋಗುವುದಿಲ್ಲ, ಸುಮ್ನೆ ಜಾಗ ಬದಲಿಸುತ್ತದೆ. ಲಿಕ್ವಿಡ್ ಕಡಿಮೆ ಇರಲಿ, ಬಟ್ಟೆ ಎರಡಿರಲಿ, ತಾನಾಗಿ ಆರುವ ಮುಂಚೆ ಒರೆಸಿ ಮುಗಿಸಿ. ಗುಟ್ಟು ಇಷ್ಟೇ.

ಮೊದಲು ಹೊತ್ತು ನೋಡಿ

ಬಿಸಿಲಿಗೆ ಕಾದ ಗಾಜಿನ ಮೇಲೆ ಕೆಲಸ ಶುರು ಮಾಡಬೇಡಿ. ಲಿಕ್ವಿಡ್ ಬಿದ್ದಲ್ಲೇ ಆರುತ್ತದೆ, ಬಟ್ಟೆ ತಲುಪುವಷ್ಟರಲ್ಲಿ ಗೆರೆ ಕೂತಿರುತ್ತದೆ. ಬೆಳಿಗ್ಗೆ ಬೇಗ ಅಥವಾ ಪೂರ್ತಿ ನೆರಳಲ್ಲಿ ಮಾಡಿ. ಚಳಿಗಾಲದಲ್ಲಿ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಹೊಳವಾದಾಗ ಹೊರಗಿನದನ್ನು ಮಾಡಿ ಅಂತ ಹೇಳಬಹುದು, ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರು ಆಷಾಢದಲ್ಲಿ ಹೊಳವಿಗೆ ಕಾಯುತ್ತಾ ಕೂತರೆ ಗಾಜು ಶ್ರಾವಣದವರೆಗೂ ಹಾಗೇ ಇರುತ್ತದೆ. ಹೊರಗಿನದು ಮಳೆಗೆ ಬಿಡಿ, ಒಳಗಿನದನ್ನು ಶೆಡ್ಡಿನಲ್ಲಿ ಮಾಡಿ.

ಬಟ್ಟೆ ಸರಿ ಇದ್ದರೆ ಅರ್ಧ ಗೆದ್ದಂತೆ

ಮೈಕ್ರೋಫೈಬರ್ ಬಟ್ಟೆ ಈಗ ಎಲ್ಲಾ ಕಡೆ ಸಿಗುತ್ತದೆ. ಗಾಜಿಗೆ ಉದ್ದ ನಾರಿನ, ಟವೆಲ್‌ನಷ್ಟು ದಪ್ಪನೆಯದು ಬೇಡ. ಅದು ಬಾಡಿ ಒರೆಸಲಿಕ್ಕೆ. ತೆಳ್ಳಗೆ, ಒತ್ತಾಗಿ ನೇಯ್ದದ್ದು ತನ್ನಿ. ಒಂದು ಕೊಳೆ ತೆಗೆಯಲು, ಇನ್ನೊಂದು ಒಣಗಿದ್ದು ಕೊನೆಗೆ ಹೊಳಪು ಕೊಡಲು. ನಾಲ್ಕು ಮಡಿಕೆ ಮಾಡಿಕೊಂಡರೆ ಒಂದೇ ಬಟ್ಟೆಯಲ್ಲಿ ಎಂಟು ಮುಖ ಸಿಗುತ್ತದೆ, ಒಂದು ಮುಖ ಕೊಳೆಯಾದ ಕೂಡಲೇ ತಿರುಗಿಸಿ.

ಇದನ್ನು ತೊಳೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಲೇಬೇಡಿ. ಬಟ್ಟೆಗೆ ಘಮ ಕೊಡುವ ಆ ಲಿಕ್ವಿಡ್ಡು ನಾರಿಗೆ ಜಿಡ್ಡಿನ ಪದರ ಹಚ್ಚುತ್ತದೆ, ಮುಂದಿನ ಸಲ ಆ ಜಿಡ್ಡು ನೇರ ಗಾಜಿಗೆ. ಎಷ್ಟೋ ಮನೆಗಳಲ್ಲಿ 'ಎಷ್ಟು ಒರೆಸಿದರೂ ಮಬ್ಬು ಹೋಗಲ್ಲ' ಅನ್ನುವ ಗೋಳಿನ ಮೂಲ ವಾಷಿಂಗ್ ಮಷೀನಿನಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ ಬಟ್ಟೆಯನ್ನೂ ಗಾಜಿನ ಹತ್ತಿರ ತರಬೇಡಿ.

ಮೈಕ್ರೋಫೈಬರ್ ಇಲ್ಲವಾ? ಒಗೆದೊಗೆದು ನವೆದ ಹತ್ತಿ ಪಂಚೆ ಆಗುತ್ತದೆ. ಹೊಸ ಟವೆಲ್, ಬಣ್ಣ ಬಿಡುವ ಬಟ್ಟೆ, ಗಂಜಿ ಹಾಕಿದ್ದು ಯಾವುದೂ ಬೇಡ. ಇನ್ನು ಪೇಪರಿನಲ್ಲಿ ಒರೆಸುವ ಹಳೆಯ ಉಪಾಯ. ನೀವು ಈ ಪುರವಣಿಯನ್ನೇ ಓದಿ ಮುಗಿಸಿ ಉಂಡೆ ಮಾಡಿಕೊಂಡು ಹೊರಟರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಹೊರಗಿನ ಗಾಜಿಗೆ ಅದು ಪರವಾಗಿಲ್ಲ. ಒಳಗೆ ಮಾತ್ರ ಬೇಡ. ಒದ್ದೆ ಪೇಪರಿನ ಮಸಿ ತಿಳಿ ಬಣ್ಣದ ಸೀಟಿಗೂ ಬಾಗಿಲ ಪ್ಯಾಡಿಗೂ ಹತ್ತಿದರೆ ಬಿಡಿಸುವುದು ಕಷ್ಟ.

ನೀರು ಮತ್ತು ಲಿಕ್ವಿಡ್

ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ ಇದ್ದರೆ ಆರಿದ ಮೇಲೆ ಬಿಳಿ ಚುಕ್ಕೆ ಖಾತ್ರಿ. ನಿಮ್ಮ ಮನೆ ಗೀಸರ್, ನಲ್ಲಿ ಬಾಯಿಯಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ಆ ನೀರನ್ನು ಕೊನೆಯ ತೊಳೆತಕ್ಕೆ ಬಳಸಬೇಡಿ. ನಮ್ಮ ಕಡೆಯವರ ಅದೃಷ್ಟ ನೋಡಿ, ಲವಣ ಇಲ್ಲದ ನೀರು ಆಕಾಶದಿಂದಲೇ ಬೀಳುತ್ತದೆ! ಒಂದೆರಡು ಜೋರು ಮಳೆ ಕಳೆದ ಮೇಲೆ ಬಯಲಲ್ಲಿ ಬಕೆಟ್ ಇಟ್ಟು ಹಿಡಿಯಿರಿ, ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿಡಿ. ಪಾಚಿ ಕಟ್ಟಿದ ಹಂಚಿನಿಂದ ದಬ್ಬೆಗೆ ಇಳಿದ ನೀರು ಬೇಡ. ಬೇಸಿಗೆಯಾದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದರೆ ಎಷ್ಟೋ ಸಲಕ್ಕೆ ಬರುತ್ತದೆ.

ಅಂಗಡಿಯ ಗ್ಲಾಸ್ ಕ್ಲೀನರ್ ಸಾಕು. ಆದರೆ ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇಲ್ಲದ್ದನ್ನು ನೋಡಿ ತನ್ನಿ, ಅಮೋನಿಯಾ ಫಿಲ್ಮನ್ನು ಹಾಳು ಮಾಡುತ್ತದೆ. ಮನೆಯಲ್ಲೇ ಮಾಡಿಕೊಳ್ಳುವುದಾದರೆ 250 ಮಿಲಿ ಡಿಸ್ಟಿಲ್ಡ್ ನೀರು, 250 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ದೊಡ್ಡ ಚಮಚ ಬಿಳಿ ವಿನೆಗರ್. ಆಲ್ಕೋಹಾಲ್ ಬೇಗ ಆರುತ್ತದೆ, ಜಿಡ್ಡನ್ನೂ ಬಿಡಿಸುತ್ತದೆ. ಒಲೆ ಹತ್ತಿರ ಇಡಬೇಡಿ, ಬೆಂಕಿ ಹಿಡಿಯುವ ವಸ್ತು. ಕೊರೊನಾ ಕಾಲದ ಹಳೆ ಸ್ಯಾನಿಟೈಸರ್ ಜೆಲ್ ಉಳಿದಿದೆಯಲ್ಲ, ಅದನ್ನೇ ಹಾಕೋಣ ಅಂದರೆ ಆಗದು. ಅದರಲ್ಲಿರುವ ಗ್ಲಿಸರಿನ್ ಗಾಜಿನ ಮೇಲೆ ಕೂತುಬಿಡುತ್ತದೆ. ನಿಂಬೆಹಣ್ಣೂ ಬೇಡ, ರಸದ ಅಂಟು ಉಳಿಯುತ್ತದೆ.

ಹೊರಗಿನ ಗಾಜು

ಒಣ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸುವುದು, ಧೂಳು ಕೂತ ಗಾಜಿನ ಮೇಲೆ ಸುಮ್ನೆ ವೈಪರ್ ಆಡಿಸುವುದು ಎರಡೂ ತಪ್ಪು. ನಮ್ಮ ಕೆಂಪು ಧೂಳಿನಲ್ಲಿ ಜಂಬಿಟ್ಟಿಗೆಯ ಸಣ್ಣ ಕಾಳುಗಳಿರುತ್ತವೆ, ಗೀರು ಬಿದ್ದರೆ ಯಾವ ಲಿಕ್ವಿಡ್ಡಿನಿಂದಲೂ ಹೋಗುವುದಿಲ್ಲ. ಮೊದಲು ಬೇಕಾದಷ್ಟು ನೀರು ಹೊಯ್ದು ಧೂಳು ಇಳಿಸಿ. ಆಮೇಲೆ ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಹಾಕಿ, ಮೆತ್ತನೆ ಸ್ಪಂಜಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಮತ್ತೆ ನೀರು ಹೊಯ್ಯಿರಿ.

ತೋಟದ ಪಕ್ಕ ಕಾರು ನಿಲ್ಲಿಸುವವರಿಗೆ ಒಂದು ವಿಶೇಷ ಕಾಟ ಇದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ಗಾಳಿಗೆ ತೇಲಿ ಬಂದ ಬೋರ್ಡೋ ಹನಿಗಳು ಗಾಜಿನ ತುಂಬ ನೀಲಿ ಬಿಳಿ ಚುಕ್ಕೆಯಾಗಿ ಒಣಗಿರುತ್ತವೆ. ಅದು ಮೈಲುತುತ್ತ ಮತ್ತು ಸುಣ್ಣ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಇರುತ್ತದೆ. ಎಲೆಗೆ ಮಳೆಯಲ್ಲೂ ಅಂಟಿಕೊಂಡಿರಲಿ ಅಂತಲೇ ಮಾಡಿದ್ದು, ಗಾಜಿಗೂ ಹಾಗೇ ಅಂಟುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಸುಣ್ಣ ಹುಳಿಗೆ ಕರಗುತ್ತದೆ ಅಲ್ವಾ? ಸಮ ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಐದು ನಿಮಿಷ ಹಾಸಿಡಿ, ಒರೆಸಿ, ಕೂಡಲೇ ನೀರು ಹೊಯ್ಯಿರಿ. ಪೇಂಟಿನ ಮೇಲೆ ವಿನೆಗರ್ ನಿಲ್ಲಲು ಬಿಡಬೇಡಿ. ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗೂ ಇದೇ ಮದ್ದು. ಕಲೆಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಸುಣ್ಣ ಗಾಜನ್ನೇ ಕಚ್ಚಬಹುದು. ಔಷಧಿ ಹೊಡೆಯುವ ದಿನ ಕಾರಿಗೆ ಒಂದು ಟಾರ್ಪಾಲು ಹೊದಿಸುವುದು ಇದಕ್ಕಿಂತ ಸುಲಭ.

ಹಲಸಿನ ಮೇಣ ಬಿದ್ದಿದ್ದರೆ ನೀರು ಮುಟ್ಟಿಸಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ ಒರೆಸಿ, ಆಮೇಲೆ ಸೋಪು. ರಾತ್ರಿ ಓಡಿಸಿದಾಗ ಅಪ್ಪಳಿಸಿದ ಹುಳಗಳ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿದರೆ ತಾವೇ ಬಿಡುತ್ತವೆ.

ಬಾಗಿಲ ಗಾಜುಗಳನ್ನು ಎರಡು ಇಂಚು ಇಳಿಸಿ ಮೇಲಿನ ಅಂಚು ಒರೆಸಿ. ರಬ್ಬರಿನೊಳಗೆ ಅಡಗಿರುವ ಆ ಅಂಚಿನ ಕೊಳೆಯೇ ಮುಂದಿನ ಸಲ ಗಾಜು ಏರಿಸಿ ಇಳಿಸಿದಾಗ ಗೆರೆ ಎಳೆಯುವುದು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಆ ರಬ್ಬರಿನಲ್ಲಿ ಹಸಿರು ಪಾಚಿಯೇ ಬೆಳೆದಿರುತ್ತದೆ, ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ.

ಒಳಗಿನ ಗಾಜು

ಅಸಲಿ ಕಷ್ಟ ಇಲ್ಲಿದೆ, ಜನ ಬಿಟ್ಟುಬಿಡುವುದೂ ಇದನ್ನೇ. ಒಳಗೆ ಮಳೆ ಬೀಳಲ್ಲ, ಧೂಳಿಲ್ಲ, ಏನು ಕೊಳೆ ಅಂತೀರಾ? ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡ್, ಸೀಟಿನ ಪ್ಲಾಸ್ಟಿಕ್ಕಿನಿಂದ ಸಣ್ಣ ಆವಿ ಏಳುತ್ತಲೇ ಇರುತ್ತದೆ, ತಣ್ಣಗಿನ ಗಾಜಿಗೆ ಜಿಡ್ಡಾಗಿ ಅಂಟುತ್ತದೆ. ಹೊಸ ಕಾರಿನಲ್ಲಿ ಇದು ಇನ್ನೂ ಜಾಸ್ತಿ. ಮೇಲೆ ಉಸಿರು, ಸಿಗರೇಟಿನ ಹೊಗೆ, ಮಳೆಗಾಲದಲ್ಲಿ ಆವಿ ಕಟ್ಟಿದಾಗ ಅಂಗೈಯಲ್ಲಿ ಒರೆಸಿದ ಎಣ್ಣೆ. ಆವಿ ಜಿಡ್ಡು ಕೂತ ಗಾಜಿಗೆ ಬೇಗ ಕಟ್ಟುತ್ತದೆ, ಶುದ್ಧ ಇದ್ದರೆ ಕಡಿಮೆ. ಘಾಟಿಯಲ್ಲಿ ಮಂಜಿಗೆ ಸಿಕ್ಕಾಗ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಟ್ಟು, ಗಾಳಿಯನ್ನು ಗಾಜಿಗೆ ಬಿಡಿ, ಕೈ ಹಾಕಬೇಡಿ. ಒದ್ದೆ ಛತ್ರಿ, ನೆನೆದ ಮ್ಯಾಟು ಒಳಗಿದ್ದರೆ ಎಷ್ಟು ಒರೆಸಿದರೂ ಆವಿ ಬರುತ್ತಲೇ ಇರುತ್ತದೆ.

ಒಳಗೆ ಸ್ಪ್ರೇಯನ್ನು ಗಾಜಿಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ. ಇಲ್ಲದಿದ್ದರೆ ಹನಿಗಳು ಡ್ಯಾಶ್‌ಬೋರ್ಡಿಗೂ ಟಚ್ ಸ್ಕ್ರೀನಿಗೂ ಬೀಳುತ್ತವೆ. ಮೊದಲ ಬಟ್ಟೆಯಲ್ಲಿ ಜಿಡ್ಡು ತೆಗೆದು, ಆರುವ ಮುಂಚೆಯೇ ಎರಡನೆಯದರಲ್ಲಿ ಒಣಗಿಸಿ. ಇಡೀ ಮುಂದಿನ ಗಾಜನ್ನು ಒಂದೇ ಸಲ ಹಿಡಿಯಬೇಡಿ, ಅರ್ಧರ್ಧ ಮಾಡಿ. ಕೆಳಗಿನ ಮೂಲೆಗೆ ಡ್ರೈವರ್ ಸೀಟಿನಿಂದ ಕೈ ಹೋಗುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ಅಂಗೈ ತಿರುಗಿಸಿ ಕೈಯ ಹಿಂಬದಿ ಗಾಜಿನ ಕಡೆ ಬರುವಂತೆ ಬಟ್ಟೆ ಹಿಡಿದರೆ ಬುಡದವರೆಗೂ ತಲುಪುತ್ತದೆ. ವರ್ಷಗಟ್ಟಲೆ ಒರೆಸದ ಗಾಜಾದರೆ ಒಂದು ಸಲಕ್ಕೆ ಆಗುವುದಿಲ್ಲ, ಬಟ್ಟೆ ಬದಲಿಸಿ ಇನ್ನೊಂದು ಸಲ ಮಾಡಿ.

ಹಿಂದಿನ ಗಾಜಿನ ಒಳಗೆ ಕಾಣುವ ಸಣ್ಣ ಅಡ್ಡ ಗೆರೆಗಳು ಡಿಫಾಗರಿನ, ಅಂದರೆ ಗಾಜು ಬಿಸಿ ಮಾಡಿ ಆವಿ ಆರಿಸುವ ತಂತಿಗಳು. ಅವುಗಳ ಉದ್ದಕ್ಕೇ ಹಗುರವಾಗಿ ಒರೆಸಿ. ಬ್ಲೇಡು, ಒರಟು ಸ್ಕ್ರಬ್ಬರ್ ಹಾಕಿ ಒಂದು ಕಡೆ ಕಿತ್ತರೆ ಆ ಸಾಲು ಬಿಸಿಯಾಗುವುದೇ ನಿಲ್ಲುತ್ತದೆ.

ಕೊನೆಯ ಸಲ ಒರೆಸುವಾಗ ಹೊರಗೆ ಮೇಲಿನಿಂದ ಕೆಳಕ್ಕೆ, ಒಳಗೆ ಎಡದಿಂದ ಬಲಕ್ಕೆ ಕೈ ಆಡಿಸಿ. ಆಮೇಲೆ ಕಾರನ್ನು ಬಿಸಿಲಿಗೆ ತಿರುಗಿಸಿ ನೋಡಿ. ಉದ್ದ ಗೆರೆ ಉಳಿದಿದ್ದರೆ ಹೊರಗಿನದು, ಅಡ್ಡ ಗೆರೆಯಾದರೆ ಒಳಗಿನದು. ಸುಮ್ನೆ ಎರಡೂ ಕಡೆ ಓಡಾಡಿ ಹುಡುಕುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿ ವೈಪರನ್ನು ಮರೆತರೆ ಮೊದಲ ಮಳೆಗೇ ಮತ್ತೆ ಅರ್ಧಚಂದ್ರದ ಗೆರೆ. ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಕಪ್ಪು ಬರುವುದು ಕಡಿಮೆ ಆಗುವವರೆಗೆ ಒರೆಸಿ. ಬೆರಳಿಗೆ ಬಿರುಕು, ಗಟ್ಟಿತನ ಸಿಕ್ಕರೆ ಮುಂಗಾರಿಗೆ ಮುಂಚೆಯೇ ಹೊಸದು ಹಾಕಿಸಿ. ವಾಷರ್ ಟ್ಯಾಂಕಿಗೆ ಶಾಂಪೂ, ಪಾತ್ರೆ ಲಿಕ್ವಿಡ್ ಸುರಿಯಬೇಡಿ, ನೊರೆ ಬಂದು ಅದೇ ಗೆರೆಯಾಗುತ್ತದೆ. ವಾಷರ್‌ಗೆಂದೇ ಬರುವ ಲಿಕ್ವಿಡ್ ಹಾಕಿ, ಇಲ್ಲದಿದ್ದರೆ ಬರೀ ಡಿಸ್ಟಿಲ್ಡ್ ನೀರೇ ಇರಲಿ.