ಸೆಲ್ ಕೊಳ್ಳುವ ಮೊದಲು ತೂಕ ನೋಡಿ

ಬೆಳಿಗ್ಗೆಯಷ್ಟೇ ಚಾರ್ಜ್ ಮಾಡಿ ಹಾಕಿದ್ದ ಸೆಲ್ಲುಗಳು. ಮೊಮ್ಮಗನ ಆಟದ ಕಾರು ಹತ್ತು ನಿಮಿಷ ಓಡಿ ನಿಂತುಬಿಟ್ಟಿತು. ಸೆಲ್ ಮೇಲೆ ದಪ್ಪ ಅಕ್ಷರದಲ್ಲಿ 3600 ಎಂಎಎಚ್ ಅಂತ ಬರೆದಿತ್ತು. ಅರ್ಧ ಬೆಲೆಗೆ ಸಿಗುತ್ತಿದೆ ಅಂತ ಎಂಟು ಸೆಲ್ ಒಟ್ಟಿಗೆ ತಂದಿದ್ದೆ. ಅನುಮಾನ ಬಂದು ಒಂದನ್ನು ಅಡುಗೆಮನೆಯ ಸಣ್ಣ ತಕ್ಕಡಿ ಮೇಲೆ ಇಟ್ಟೆ. 16 ಗ್ರಾಂ. ಮನೆಯಲ್ಲಿದ್ದ ಹಳೆಯ ಒಳ್ಳೆ ಸೆಲ್ ಇಟ್ಟು ನೋಡಿದೆ. 27 ಗ್ರಾಂ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ. ಒಳಗೆ ಇರಬೇಕಾದ ಸರಕೇ ಅಷ್ಟಿಲ್ಲ ಅಂದಮೇಲೆ ಕಾರು ಹೇಗೆ ಓಡಬೇಕು?

ಅವತ್ತಿನಿಂದ ನಾನು ಬೆಲೆಗಿಂತ ಮೊದಲು ತೂಕ ನೋಡುತ್ತೇನೆ. ಪೆನ್ಸಿಲ್ ಸೆಲ್ ಅಂತೀವಲ್ಲ, ಆ ಎಎ ಅಳತೆಯ, ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ ಒಳ್ಳೆಯದಾಗಿದ್ದರೆ ಸಾಮಾನ್ಯವಾಗಿ 26ರಿಂದ 30 ಗ್ರಾಂ ತೂಗುತ್ತದೆ. ಕೈಯಲ್ಲಿ ಹಿಡಿದಾಗಲೇ ಗಟ್ಟಿ ಅನ್ನಿಸುತ್ತದೆ.

ಎಂಎಎಚ್ ಅಂದರೆ ಸೆಲ್ ಎಷ್ಟು ಕರೆಂಟು ತುಂಬಿಕೊಳ್ಳುತ್ತದೆ ಅನ್ನುವ ಲೆಕ್ಕ. ಎಎ ನಿಕಲ್ ಸೆಲ್ಲಿನಲ್ಲಿ ಅದು 2800 ದಾಟುವುದು ಕಷ್ಟ. ಹಾಗಾಗಿ 3000ಕ್ಕಿಂತ ಜಾಸ್ತಿ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು ಕಡೆಯೂ ಕಣ್ಣಿಡಿ. ಈಗ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಸೆಲ್ ಬಂದಿವೆ. ಅವುಗಳ ಮೇಲೆ ಹೆಚ್ಚಾಗಿ ಎಂಎಎಚ್ ಬದಲು ಎಂಡಬ್ಲ್ಯುಎಚ್ ಅಂತ ಇರುತ್ತದೆ, ಅದು ಎಂಎಎಚ್ ಅನ್ನು ವೋಲ್ಟಿನಿಂದ ಗುಣಿಸಿದ ಲೆಕ್ಕ. 3000 ಎಂಡಬ್ಲ್ಯುಎಚ್ ಅಂದರೆ ಅದನ್ನು 1.5ರಿಂದ ಭಾಗಿಸಬೇಕು, 2000 ಎಂಎಎಚ್ ಆಯಿತು. ಸುಳ್ಳೇನಲ್ಲ, ಆದರೆ ಅವಸರದಲ್ಲಿ ಓದಿದವರು ಮೋಸ ಹೋಗುತ್ತಾರೆ. ಆ ಸೆಲ್ಲುಗಳಿಗೆ ಅವುಗಳದೇ ಚಾರ್ಜರ್ ಬೇಕು, ನಿಕಲ್ ಸೆಲ್ಲಿನ ಚಾರ್ಜರ್‌ಗೆ ಹಾಕಲೇಬಾರದು.

ನಿಜವಾಗಿಯೂ 2500 ಇರುವ ಸೆಲ್ಲೇ ಸಿಕ್ಕಿದರೂ ಮನೆಗೆ ನಾನು ಸುಮ್ನೆ ಇಟ್ಟರೂ ಬೇಗ ಇಳಿಯದ 2000ದ್ದೇ ತರುತ್ತೇನೆ. ಯಾಕೆ ಅಂದರೆ ಹಳೆ ಕಾಲದ ರೀಚಾರ್ಜ್ ಸೆಲ್ ಸುಮ್ನೆ ಇಟ್ಟರೂ ತಾನೇ ಇಳಿದುಹೋಗುತ್ತಿತ್ತು. ಡ್ರಾಯರಿನಲ್ಲಿದ್ದ ಟಾರ್ಚು ಬೇಕಾದ ಹೊತ್ತಿಗೆ ಮಂಕು. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ಅನ್ನುವ ಸೆಲ್ ತಂದಮೇಲೆ ಈ ಕಾಟ ತಪ್ಪಿತು. ಒಂದು ವರ್ಷ ಇಟ್ಟರೂ ಚಾರ್ಜಿನ ಬಹುಪಾಲು ಉಳಿಯುತ್ತದೆ. ಈಗ ಬೇರೆ ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ. ಪೊಟ್ಟಣದ ಮೇಲೆ ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ರೆಡಿ ಟು ಯೂಸ್’ ಅಂತ ಇದ್ದರೆ ಈ ಜಾತಿಯದು ಅಂತ ತಿಳಿಯಿರಿ. ತುಂಬ ದೊಡ್ಡ ಅಂಕಿಯ ಸೆಲ್ಲುಗಳನ್ನು ಸಾಮಾನ್ಯವಾಗಿ ಇವುಗಳಷ್ಟು ಸಲ ಚಾರ್ಜ್ ಮಾಡೋಕೂ ಆಗುವುದಿಲ್ಲ.

ಕಡಿಮೆ ಬೆಲೆಗೆ ಸಿಗುವ ಜಾಗವೂ ಇಲ್ಲೇ ಇದೆ. ಕಂಪನಿ ಪೊಟ್ಟಣದ ಬಣ್ಣ ಬದಲಿಸಿದಾಗ ಹಳೆ ಪೊಟ್ಟಣವನ್ನು ಅಗ್ಗಕ್ಕೆ ಬಿಡುತ್ತಾರೆ. ಈ ಜಾತಿಯ ಸೆಲ್ ತಯಾರಾಗಿ ಒಂದೆರಡು ವರ್ಷ ಆಗಿದ್ದರೂ ಧೈರ್ಯವಾಗಿ ತಗೊಳ್ಳಿ. ಸೆಲ್ ಮೇಲೋ ಪೊಟ್ಟಣದ ಮೇಲೋ ತಿಂಗಳು, ವರ್ಷ ಒತ್ತಿರುತ್ತದೆ, ಕನ್ನಡಕ ಹಾಕಿಕೊಂಡು ಹುಡುಕಿ. ನಾಲ್ಕರ ಪೊಟ್ಟಣ, ಎಂಟರ ಪೊಟ್ಟಣ ಎರಡಕ್ಕೂ ಒಂದು ಸೆಲ್ಲಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಕೆಲವು ಸಲ ದೊಡ್ಡ ಪೊಟ್ಟಣವೇ ದುಬಾರಿ. ಬಳಸಿದ ಸೆಲ್ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ಸೆಲ್ ಜೊತೆ ಪುಕ್ಕಟೆ ಬರುವ ಚಾರ್ಜರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಂಥವು ಎಷ್ಟೋ ಸಲ ಬರೀ ಗಂಟೆ ಲೆಕ್ಕದಲ್ಲಿ ಓಡುತ್ತವೆ. ಸೆಲ್ ತುಂಬಿದ್ದರೂ ನಿಲ್ಲಿಸುವುದಿಲ್ಲ, ಕಾಯಿಸುತ್ತಲೇ ಇರುತ್ತವೆ. ಜೋಡಿಯಾಗಿಯೇ ಹಾಕಬೇಕು ಅನ್ನುವ ಚಾರ್ಜರ್ ಇನ್ನೂ ಕಷ್ಟ, ಒಂದು ಸೆಲ್ ತುಂಬಿರುತ್ತದೆ, ಇನ್ನೊಂದು ಅರ್ಧವೇ. ಸೆಲ್ ಕೂರಿಸುವ ನಾಲ್ಕು ಮನೆಗೆ ನಾಲ್ಕು ಬೇರೆ ದೀಪ ಇರುವ, ತುಂಬಿದ ತಕ್ಷಣ ತಾನೇ ನಿಲ್ಲುವ ಚಾರ್ಜರ್ ತಗೊಳ್ಳಿ. ಉಳಿಸುವ ದುಡ್ಡನ್ನು ಸೆಲ್ಲಿನಲ್ಲಿ ಉಳಿಸಿ, ಇಲ್ಲಿ ಬೇಡ. ಕೆಟ್ಟ ಚಾರ್ಜರ್‌ಗೆ ಒಳ್ಳೆ ಸೆಲ್ ಹಾಕುವುದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ನಿಕಲ್ ರೀಚಾರ್ಜ್ ಸೆಲ್ ಮೇಲೆ 1.2 ವೋಲ್ಟ್ ಅಂತ ಇರುತ್ತದೆ, ಮಾಮೂಲಿ ಸೆಲ್ಲಿಗೆ 1.5. ಕಡಿಮೆ ಆಯಿತಲ್ಲ ಅಂತ ಹೆದರಬೇಡಿ. ಮಾಮೂಲಿ ಸೆಲ್ ಬಳಸುತ್ತಾ ಬಳಸುತ್ತಾ ಇಳಿಯುತ್ತದೆ, ಇದು ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಆಟಿಕೆ, ಟಾರ್ಚು, ಮೌಸ್, ಕ್ಯಾಮೆರಾ ಫ್ಲಾಶ್, ಇವಕ್ಕೆಲ್ಲ ಇದೇ ಸರಿ. ಗೋಡೆ ಗಡಿಯಾರಕ್ಕೆ ಮಾತ್ರ ಬೇಕಿಲ್ಲ, ಒಂದು ಮಾಮೂಲಿ ಸೆಲ್ಲೇ ವರ್ಷ ಓಡಿಸುತ್ತದೆ.

ತಂದ ದಿನವೇ ಮಾರ್ಕರ್ ಪೆನ್ನಿನಲ್ಲಿ ಜೋಡಿಗೆ ಒಂದೊಂದು ಗುರುತು ಹಾಕಿ. ಹಳೆಯದು ಹೊಸದು ಬೆರೆಸಿದರೆ ಬಲವಿಲ್ಲದ ಸೆಲ್ ಮೊದಲೇ ಖಾಲಿಯಾಗುತ್ತದೆ, ಜೊತೆಯದು ಆಮೇಲೂ ಅದರಲ್ಲಿ ಕರೆಂಟು ಹರಿಸುತ್ತಲೇ ಇದ್ದು, ಅದನ್ನು ಉಲ್ಟಾ ಚಾರ್ಜ್ ಮಾಡಿ ಹಾಳು ಮಾಡುತ್ತದೆ. ನಮ್ಮ ಮನೆಯ ಸೆಲ್ಲುಗಳ ಮೇಲೆ ಅ, ಆ, ಇ, ಈ ಇದೆ. ಮೊಮ್ಮಗನೇ ಬರೆದದ್ದು, ಜೋಡಿ ತಪ್ಪಿದರೆ ಅವನೇ ಜಗಳಕ್ಕೆ ಬರುತ್ತಾನೆ.

ಆ 16 ಗ್ರಾಮಿನ ಎಂಟನ್ನೂ ಕಸದ ಬುಟ್ಟಿಗೆ ಹಾಕಲಿಲ್ಲ. ಹಳೆ ಬ್ಯಾಟರಿ ತಗೊಳ್ಳುವ ಕಡೆ ಕೊಟ್ಟು ಬಂದೆ.